ನಂಬರ್ ಎರಡರ ಬಲಗಿವಿ

ನಮ್ಮ ಮನೆಯಲ್ಲಿ ಇಬ್ಬರೂ ಮಷಿನ್ ಮೇಲಿನವರು ಅಂತ ನಮ್ಮಜ್ಜಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನನ್ನದು ಹೊಲಿಗೆ ಮಷಿನ್, ಕಾಸಾರಶಿರಸಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಅಣ್ಣನದು ಮಷಿನ್ ಗನ್, ಗಡಿಯ ಮೇಲೆ. "ಒಬ್ಬಂವ ಹರದಿದ್ದು ಹೊಲೀತಾನ, ಒಬ್ಬಂವ ಹೊಲದಿದ್ದು ಹರೀತಾನ" ಅನ್ನುವುದು ಆಕೆಯ ಮಾತು. ಈಗ ತಿರುಗಿ ನೋಡಿದರೆ ಹರಿಯುವ ಕೆಲಸ ನನ್ನದೇ ಆಗಿತ್ತು. ಅದನ್ನು ನೋಡಲು ಅಜ್ಜಿ ಉಳಿಯಲಿಲ್ಲ, ಒಳ್ಳೆಯದೇ ಆಯಿತು.

ನಾನು ಕನ್ನಡ ಕಲಿತದ್ದು ಆ ಅಜ್ಜಿಯಿಂದ. ನಮ್ಮ ಶಾಲೆ ಮರಾಠಿ, ಪೇಟೆ ಮರಾಠಿ, ತಹಸೀಲಿ ಕಾಗದ ಮರಾಠಿ. ಅಜ್ಜ ವಿಭೂತಿ ತಟ್ಟೆಯಲ್ಲಿ ಬೆರಳಿನಿಂದ ನಾಲ್ಕು ಅಕ್ಷರ ತಿದ್ದಿಸಿದ, ಉಳಿದದ್ದೆಲ್ಲ ಅಜ್ಜಿಯ ಬಾಯಿಂದ ಬಂತು. ಆಕೆ ಎಮ್ಮೆ ಕಳೆದುಹೋದ ಸುದ್ದಿ ಹೇಳಿದರೂ ಮಂದಿ ಊಟ ಬಿಟ್ಟು ಕೇಳುತ್ತಿದ್ದರು. ಆ ಬಾಯಿ ನನಗೂ ಬಂತು. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಆಕೆಗೆ ಗೊತ್ತಿತ್ತು. ಅದೊಂದು ನನಗೆ ಬರಲಿಲ್ಲ.

ಅಣ್ಣ ಹತ್ತೊಂಬತ್ತಕ್ಕೆ ಫೌಜಿಗೆ ಹೋದವನು ಹದಿನೇಳು ವರ್ಷ ಮುಗಿಸಿ ಊರಿಗೆ ಬಂದ. ಒಂದು ಕಬ್ಬಿಣದ ಟ್ರಂಕು, ಸುತ್ತಿದ ಹಾಸಿಗೆ, ಮೀಸೆ. ಊರಲ್ಲಿ ಎಲ್ಲರೂ ಅವನನ್ನು ಎದುರಿಗೆ "ಫೌಜಿ" ಅಂತಲೇ ಕರೆದರು. ಹೊಲ ಇದ್ದದ್ದೇ ಸ್ವಲ್ಪ, ಅದನ್ನು ಕಾಕಾ ನೋಡಿಕೊಳ್ಳುತ್ತಿದ್ದ. ಅಣ್ಣನಿಗೆ ಪಿಂಚಣಿ ಬರುತ್ತಿತ್ತು, ಹೊಟ್ಟೆಗೆ ಏನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಕೆಲಸ. ಮುಂಜಾನೆ ಐದಕ್ಕೆ ಎದ್ದು, ದಾಡಿ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ತಯಾರಾಗಿ ನಿಲ್ಲುತ್ತಿದ್ದ. ಹೋಗಬೇಕಾದ ಜಾಗ ಮಾತ್ರ ಇರಲಿಲ್ಲ. ವೈನಿ, ಅಂದರೆ ನನ್ನ ಅತ್ತಿಗೆ, ನಗುತ್ತಿದ್ದಳು: "ತಯಾರಿ ನೋಡಿದ್ರ ಮದಲಿಂಗ. ದಿಬ್ಬಣ ಎಲ್ಲಿಗಿ ಅಂತ ಕೇಳ್ರಿ."

ಹಾಗೆ ನಿಂತು ನಿಂತು ಬೇಸತ್ತು ನನ್ನ ಅಂಗಡಿಗೆ ಬರತೊಡಗಿದ.

ಅಂಗಡಿಗೆ ಬಂದ ಮೊದಲ ದಿನವೇ ಒಂದು ಸ್ಟೂಲು ಎಳೆದುಕೊಂಡು ನನ್ನ ಎಡಕ್ಕೆ, ಮಷಿನ್ನಿಗೆ ಅಂಟಿದಂತೆ ಕೂತ. ಸ್ವಲ್ಪ ಹೊತ್ತು ನೋಡಿದ. ಹೊಲಿಗೆ ಮಷಿನ್ನಿನ ಕೆಳಗಿನ ದಾರ ಬಾಬಿನ್ನಿಗೆ ಸುತ್ತಿರುತ್ತದೆ. ಅದು ಮುಗಿದದ್ದು ಮೇಲಿನಿಂದ ಕಾಣುವುದಿಲ್ಲ, ಸೂಜಿ ಸುಮ್ಮನೆ ತೂತು ಹೊಡೆಯುತ್ತ ಹೋಗುತ್ತದೆ, ಅರಿವೆ ಎತ್ತಿದಾಗಲೇ ಗೊತ್ತಾಗುವುದು. ಎಷ್ಟು ವರ್ಷದ ದರ್ಜಿಗೂ ಇದು ತಪ್ಪಿದ್ದಲ್ಲ. ಅಣ್ಣ ಎರಡೇ ದಿನದಲ್ಲಿ ಅದರ ಲೆಕ್ಕ ಹಿಡಿದುಬಿಟ್ಟ. ಒಂದು ಪಾಯಜಾಮಕ್ಕೆ ಎಷ್ಟು ದಾರ ಹೋಗುತ್ತದೆ, ಯಾವ ತಿರುವಿನಲ್ಲಿ ಬಾಬಿನ್ ಖಾಲಿಯಾಗುತ್ತದೆ, ಅವನಿಗೆ ಗೊತ್ತು. ನಾನು ಕಾಲು ನಿಲ್ಲಿಸುವುದಕ್ಕೂ ತುಂಬಿದ ಬಾಬಿನ್ ನನ್ನ ಎಡಗೈ ಮುಂದೆ ಬರುವುದಕ್ಕೂ ಸರಿಹೋಗುತ್ತಿತ್ತು. ಒಂದು ಮಾತಿಲ್ಲ.

"ಇದ ನನ್ನ ನೌಕರಿ ಇತ್ತು," ಅಂದ ಒಂದು ದಿನ.

ಆವತ್ತು ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅವನು ಎಲ್‌ಎಂಜಿ ಅನ್ನುವ ಹಗುರ ಮಷಿನ್ ಗನ್ನಿನ ಕತೆ ಹೇಳಿದ. ಹತ್ತು ಮಂದಿಯ ತುಕಡಿಗೆ ಅದು ಒಂದೇ ಒಂದು. ಉಳಿದವರ ಕೈಯಲ್ಲಿ ಸಾದಾ ರೈಫಲ್ಲು. ಇದು ಎರಡು ಕಾಲು ಊರಿ ನೆಲದ ಮೇಲೆ ಕೂರುತ್ತದೆ, ಬೆರಳು ಒತ್ತಿ ಹಿಡಿದರೆ ಗುಂಡು ಸಾಲು ಹಿಡಿದು ಹೋಗುತ್ತದೆ. ಉಳಿದವರು ಮುಂದೆ ನುಗ್ಗುವುದಾಗಲಿ ಹಿಂದೆ ಸರಿಯುವುದಾಗಲಿ ಇದು ಮಾತಾಡುತ್ತಿದ್ದರೆ ಮಾತ್ರ. ನಡೆಸಲಿಕ್ಕೆ ಇಬ್ಬರು ಬೇಕು. ನಂಬರ್ ಒಂದು ಹಾರಿಸುವವನು. ನಂಬರ್ ಎರಡು ಅವನ ಎಡಕ್ಕೆ, ಮೈಗೆ ಮೈ ತಾಗಿಸಿ ಮಲಗುವವನು. ಗುಂಡು ತುಂಬಿದ ಮ್ಯಾಗಜಿನ್ ಬಂದೂಕಿನ ನೆತ್ತಿಯ ಮೇಲೆ ಕೂರುತ್ತದೆ. ಅದು ಖಾಲಿಯಾದ ಕ್ಷಣಕ್ಕೆ ಕಿತ್ತು ಇನ್ನೊಂದು ಕೂರಿಸಬೇಕು. ನಳಿಗೆ ಕಾದರೆ ಹಿಡಿ ಹಿಡಿದು ತಿರುಗಿಸಿ ತೆಗೆದು ಬೇರೆ ನಳಿಗೆ ಹಾಕಬೇಕು. ಗುಂಡು ಎಲ್ಲಿ ಬಿತ್ತು, ಎಡಕ್ಕೆ ಬಲಕ್ಕೆ ಯಾರು ಸರಿದರು, ನೋಡಿ ಹೇಳಬೇಕು. ಹಾರಿಸುವವನ ಕಣ್ಣು ಒಂದೇ ಬಿಂದುವಿನ ಮೇಲೆ ಇರುತ್ತದೆ, ಅವನಿಗೆ ಮಗ್ಗುಲಲ್ಲಿ ಏನಿದೆ ಗೊತ್ತಾಗುವುದಿಲ್ಲ.

ಅಣ್ಣ ಹನ್ನೊಂದು ವರ್ಷ ನಂಬರ್ ಎರಡು. ಒಬ್ಬನದೇ ಎಡಕ್ಕೆ.

"ನೀ ಒಂದು ಯಾಕ ಆಗಲಿಲ್ಲ?" ಅಂತ ಕೇಳಿದೆ.

"ಒಂದು ಬಿದ್ರ ಎರಡು ಒಂದಾಗ್ತದ, ತಮ್ಮಾ. ನಂದು ಬೀಳಲಿಲ್ಲ," ಅಂದ. ಆಮೇಲೆ ಬಾಬಿನ್ನಿಗೆ ದಾರ ಸುತ್ತುತ್ತ, ತನಗೇ ಹೇಳಿಕೊಂಡಂತೆ, "ನನ್ನ ನೌಕರಿ ಅಂದ್ರ ಅಷ್ಟ. ಅಂವಾ ಬೀಳಲಿಲ್ಲ," ಅಂದ.

ನಾನು ಹೌದೆಂದು ತಲೆಯಾಡಿಸಿದೆ. ಮಾತು ಒಳಗೆ ಇಳಿಯಲಿಲ್ಲ. ಗುಂಡಿ ಹಚ್ಚುವುದಿತ್ತು.

ಇನ್ನೊಂದು ಮಾತನ್ನೂ ಆವತ್ತೇ ಹೇಳಿದ. ಎಡಕ್ಕೆ ಮಲಗಿದವನ ಬಲಗಿವಿಗೆ ಬಂದೂಕು ಗೇಣಿನಷ್ಟು ಹತ್ತಿರ. ಲಡಾಯಿಯೇ ಬೇಕಾಗಿಲ್ಲ, ವರ್ಷ ವರ್ಷ ಚಾಂದಮಾರಿಯ ಅಭ್ಯಾಸಕ್ಕೆ ಹಾರಿಸುವ ಗುಂಡೇ ಸಾಕು. ಹತ್ತಿ ತುರುಕಿಕೊಳ್ಳಿ ಅನ್ನುತ್ತಿದ್ದರಂತೆ. ತುರುಕಿಕೊಂಡರೆ ನಂಬರ್ ಒಂದರ ಮಾತು ಕೇಳುವುದಿಲ್ಲ ಅಂತ ಇವನು ಬಲಗಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮೊದಲು ಸೀಟಿ ಊದಿದಂತೆ ಕೇಳುತ್ತಿತ್ತು, ಆಮೇಲೆ ಸೀಟಿಯೂ ನಿಂತಿತು. ಡಾಕ್ಟರ ಮುಂದೆ ಹೇಳಿದರೆ ಬಂದೂಕಿನ ಹತ್ತಿರದಿಂದ ಎತ್ತಿ ಸ್ಟೋರಿಗೆ ಹಾಕುತ್ತಾರೆ. ಹಾಗಾಗಿ ಹೇಳಲಿಲ್ಲ. ಊರಲ್ಲಿ ವೈನಿಗೆ ಗೊತ್ತಿತ್ತು, ಈಗ ನನಗೆ ಗೊತ್ತಾಯಿತು. "ಮತ್ತ್ಯಾರಿಗೂ ಬ್ಯಾಡ," ಅಂದ.

ಮಂದಿಗೆ ತಿಳಿಯದ ಹಾಗೆ ಅವನು ನಡೆಸಿಕೊಂಡ ರೀತಿ ನೋಡಬೇಕಿತ್ತು. ಯಾರ ಜೊತೆ ನಡೆದರೂ, ಕೂತರೂ, ಅವರನ್ನು ತನ್ನ ಎಡಕ್ಕೆ ಹಾಕಿಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಬಲತುದಿ ಖಾಲಿ ಇಲ್ಲದಿದ್ದರೆ ನಿಂತೇ ಇರುತ್ತಿದ್ದ. ಊರವರು ಅದನ್ನು ಮಿಲಿಟರಿ ಶಿಸ್ತು ಅಂತ ತಿಳಿದರು. ಒಬ್ಬಿಬ್ಬರು ಹುಡುಗರು ಅದನ್ನು ಕಲಿತೂ ಬಿಟ್ಟರು. ಬಲಕ್ಕೆ ಕೂರುವ ಹಕ್ಕು ವೈನಿಗೆ ಮತ್ತು ನನಗೆ. ಯಾಕೆ ಅಂತ ಕೇಳಿದಾಗ, "ನಂಬರ್ ಒಂದರ ಕಡಿ ಕಿವಿ ಇಟ್ಟು ಕಾಯೂದು ಬ್ಯಾಡ. ಅದು ನಮ್ಮ ಕಡಿ. ಕಿವಿ ಬೇಕಾಗೂದು ಆ ಮಗ್ಗಲಿಗಿ," ಅಂದ. ಅಂದರೆ ಎಡಕ್ಕೆ ಹೊರಗಿನವರು, ಬಲಕ್ಕೆ ತನ್ನವರು. ನನಗೆ ಏನಾದರೂ ಹೇಳುವುದಿದ್ದರೆ ಅವನ ಮೊಣಕೈ ಮುಟ್ಟುತ್ತಿದ್ದೆ, ಮುಖ ತಿರುಗಿಸುತ್ತಿದ್ದ. ಅಂಗಡಿಯಲ್ಲಿ ನನ್ನ ಎಡಕ್ಕೆ ಕೂತರೆ ನಾನು ಅವನ ಬಲಕ್ಕೆ, ಆ ಸತ್ತ ಕಿವಿಯ ಕಡೆ. ಅವನು ನನಗೆ ಕೊಟ್ಟ ಜಾಗ ಅದು.

ಆ ಜಾಗದಲ್ಲಿ ಕೂತು ನಾನು ಮಾಡಿದ್ದು ಇದು.

ನನ್ನ ಅಂಗಡಿಯ ಮುಂದೆ ಕೂರಲು ಒಂದು ಮರದ ಬಾಕು ಇದೆ. ಬಸ್ಸಿಗೆ ಕಾಯುವವರು, ಉಮರ್ಗಾ ಬಾಜಾರಿಗೆ ಹೊರಟವರು, ಕೆಲಸ ಇಲ್ಲದ ಕಾಕಾ ಮಾಮಾಗಳು, ಎದುರಿನ ಚಹಾದಂಗಡಿಯ ಮಾಮಾ, ಎಲ್ಲರೂ ಅಲ್ಲಿ ಕೂರುತ್ತಾರೆ. ನನ್ನ ಕೈ ಹೊಲಿಯುತ್ತದೆ, ಬಾಯಿ ಅವರನ್ನು ಕೂರಿಸುತ್ತದೆ. ಅಣ್ಣ ಬಂದ ಹೊಸತರಲ್ಲಿ ಅವರಿಗೆಲ್ಲ ಒಂದೇ ಆಸೆ, ಫೌಜಿಯ ಬಾಯಿಂದ ಲಡಾಯಿ ಕತೆ ಕೇಳಬೇಕು. ಒಂದು ದಿನ ಚಹಾದ ಮಾಮಾ ಎದುರಿಗೆ ಬಂದು ನಿಂತು, ಮಷಿನ್ ಗನ್ನಿನಿಂದ ಎಷ್ಟು ಮಂದಿಗೆ ಹೊಡೆದೆ ಅಂತ ಮರಾಠಿಯಲ್ಲಿ ಕೇಳಿಯೇಬಿಟ್ಟ. ಅಣ್ಣ ಇದ್ದದ್ದು ಇದ್ದಂತೆ ಹೇಳಿದ. ತಾನು ಹಾರಿಸುತ್ತಿರಲಿಲ್ಲ, ತಾನು ನಂಬರ್ ದೋನ್, ಮ್ಯಾಗಜಿನ್ ಕೊಡುವವನು.

ಬಾಕಿನ ಮೇಲೆ ಎಲ್ಲರ ಮುಖ ಇಳಿಯಿತು. ನನಗೆ ಸಂಕಟವಾಯಿತು. ನನ್ನ ಅಂಗಡಿಯಲ್ಲಿ ಯಾರೂ ಹಾಗೆ ಸಪ್ಪಗೆ ಎದ್ದು ಹೋದವರಲ್ಲ. ಹೋಗಗೊಡಲೂ ಇಲ್ಲ.

ನಮ್ಮ ಗಡಿಯಲ್ಲಿ "ದೋನ್ ನಂಬರ್" ಅಂದರೆ ಬೇರೆಯೇ ಅರ್ಥ. ಪಾವತಿ ಇಲ್ಲದ ಮರಳು ದೋನ್ ನಂಬರ್. ಕರ್ನಾಟಕದ ಕಡೆಯಿಂದ ತರಕಾರಿ ಚೀಲದ ಕೆಳಗೆ ಬರುವ ಗುಟಕಾ ದೋನ್ ನಂಬರ್. ಅದನ್ನು ಮಾಡುವವನು ದೋನ್ ನಂಬರಿನ ಮನುಷ್ಯ. ಮಷಿನ್ ತುಳಿಯುತ್ತಲೇ ನಾನು ಬಾಕಿನ ಕಡೆ ನೋಡಿ ಅಂದೆ: "ತಿಳೀತಿಲ್ಲೇನು ಮಾಮಾ? ನಮ್ಮಣ್ಣ ಹದಿನೇಳು ವರ್ಷ ಸರ್ಕಾರದ ಅನ್ನ ಉಂಡು, ಸರ್ಕಾರದ ಅರಿವಿ ಉಟ್ಟು, ದೋನ್ ನಂಬರ್ ಧಂಧಾ ಮಾಡಿ ಬಂದಾನ. ಅದಕ್ಕ ಪಿಂಚಣಿ ಬ್ಯಾರೆ."

ಬಾಕು ನಕ್ಕಿತು. ಚಹಾದ ಮಾಮಾ ಕೆಮ್ಮಿಕೊಂಡು ನಕ್ಕ. ಅಣ್ಣ ನನ್ನ ಕಡೆಯ ಮಾತು ಕೇಳಲಿಲ್ಲ, ಮಷಿನ್ ಬೇರೆ ತಿರುಗುತ್ತಿತ್ತು. ಎದುರಿಗಿದ್ದವರು ನಗುವುದು ಕಂಡು ತಾನೂ ನಕ್ಕ, ಒಂದು ಬಾಬಿನ್ ನನ್ನ ಕೈಗಿಟ್ಟ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಜ್ಜಿ ಹೇಳಿಕೊಟ್ಟ ಗಾದೆ ನನಗೆ ಬಾಯಿಪಾಠವಿತ್ತು. ಆದರೆ ನಗು ಒಮ್ಮೆ ಸಿಕ್ಕಿದ ಜಾಗಕ್ಕೆ ಬಾಯಿ ಮತ್ತೆ ಮತ್ತೆ ಹೋಗುತ್ತದೆ. ಮರುದಿನ ಹೊಸ ಗಿರಾಕಿ ಬಂದರೆ ಅದೇ ಹೇಳಿದೆ, ಸ್ವಲ್ಪ ಉದ್ದ ಮಾಡಿ. ಅಣ್ಣ ಟ್ರಂಕಿನಲ್ಲಿ ಮ್ಯಾಗಜಿನ್ ತಂದಾನ, ತೆಗೆದು ನೋಡಿದರೆ ಗುಟಕಾ, ಅಂದೆ. ನಂಬರ್ ಒಂದು ಹೊಡೆದ, ನಂಬರ್ ಎರಡು ಹೊತ್ತೊಯ್ದ, ಅಂದೆ. ಇವೆಲ್ಲವನ್ನೂ ಅಣ್ಣ ಪಕ್ಕದಲ್ಲಿ ಕೂತಿರುವಾಗಲೇ, ಅವನ ಬಲಗಿವಿಗೆ ಒಂದು ಮೊಳ ದೂರದಿಂದ ಅಂದೆ. ಕೇಳುವುದಿಲ್ಲ ಅಂತ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಬಾಕಿನವರು ಫೌಜಿ ಎಂಥ ತಣ್ಣನೆಯ ಮನುಷ್ಯ, ತಮ್ಮ ಎಷ್ಟು ಅಂದರೂ ಸಿಟ್ಟು ಮಾಡುವುದಿಲ್ಲ ಅಂತ ಹೊಗಳಿದರು.

ಮಳೆಗಾಲ ಮುಗಿಯುವುದರೊಳಗೆ ಊರಲ್ಲಿ ಅಣ್ಣನಿಗೆ ಎರಡು ಹೆಸರಾದವು. ಎಡಕ್ಕೆ ಫೌಜಿ, ಬಲಕ್ಕೆ ದೋನ್ ನಂಬರ್.

ಆ ಚಳಿಗಾಲದಲ್ಲಿ ನಿಲಂಗಾದ ಒಂದು ಪತಸಂಸ್ಥೆ, ಅಂದರೆ ಸಾಲ ಕೊಡುವ ಸಹಕಾರಿ ಸಂಘ, ನಮ್ಮೂರಲ್ಲಿ ಶಾಖೆ ತೆಗೆಯುವ ಸುದ್ದಿ ಬಂತು. ಬಾಗಿಲಿಗೆ ಒಬ್ಬ ಕಾವಲುಗಾರ ಬೇಕು, ಮಾಜಿ ಸೈನಿಕನಿಗೆ ಮೊದಲ ಮಾನ. ಅಣ್ಣ ಅರ್ಜಿ ಹಾಕಿದ. ಆವತ್ತಿನಿಂದ ಅವನು ಬೇರೆ ಮನುಷ್ಯನೇ ಆದ. ಮನೆಯಲ್ಲಿ ಮಾತು ಬಂತು, ಮಕ್ಕಳನ್ನು ಪಾಟಿ ಹಿಡಿಸಿ ಓದಲು ಕೂರಿಸಿದ, ಕಾಕಾನ ಜೊತೆ ತೊಗರಿ ರಾಶಿಗೆ ಹೋದ. ವೈನಿ ನನ್ನ ಕರೆದು, ಇದೊಂದು ಆಗಲಿ, ಇಲ್ಲಂದ್ರ ಈ ಮನುಷ್ಯ ಬಾಗಲಾಗ ನಿಂತು ನಿಂತು ಕಂಬ ಆಗ್ತಾನ, ಅಂದಳು. ಆಕೆ ನಗಲಿಲ್ಲ.

ಅರ್ಜಿ ಹಾಕಿದ ವಾರಕ್ಕೇ ಅಣ್ಣ ಉಮರ್ಗಾಕ್ಕೆ ಹೋಗಿ ನೀಲಿ ಅರಿವೆ ತಂದು ನನ್ನ ಮುಂದೆ ಇಟ್ಟ. ನೌಕರಿ ಇನ್ನೂ ಸಿಕ್ಕಿಲ್ಲ ಅಂದೆ. ಮೊದಲ ದಿನ ಎರವಲು ಅಂಗಿಯಲ್ಲಿ ನಿಲ್ಲುವುದಿಲ್ಲ ಅಂದ. ಅಳತೆ ತೆಗೆದುಕೊಳ್ಳುವಾಗ ಉಸಿರು ಬಿಗಿ ಹಿಡಿದು ನಿಂತಿದ್ದ. ಹೆಗಲ ಮೇಲೆ ಪಟ್ಟಿ, ಎದೆಗೆ ಎರಡು ಜೇಬು, ಜೇಬಿಗೆ ಮುಚ್ಚಳ. ಎರಡು ದಿನದಲ್ಲಿ ಹೊಲಿದೆ. ಅದಕ್ಕೆ ಬಾಬಿನ್ ಕೊಟ್ಟವನೂ ಅವನೇ.

ಪತಸಂಸ್ಥೆಯ ಕಾರಕೂನ ಒಂದು ದಿನ ಊರಿಗೆ ಬಂದು, ಯಾರಿಗೂ ಗುರುತು ಹೇಳದೆ, ಚಹಾದಂಗಡಿಯಲ್ಲಿ ಕೂತು ವಿಚಾರಿಸಿ ಹೋದನಂತೆ. ನಮಗೆ ಗೊತ್ತಾದದ್ದು ಚಹಾದ ಮಾಮಾನಿಂದಲೇ, ಅದೂ ಅವನು ಖುಷಿಯಿಂದ ಹೇಳಿದಾಗ.

"ನಿಮ್ಮಣ್ಣನ ಬಗ್ಗೆ ಕೇಳಕೋತ ಒಬ್ಬಂವ ಬಂದಿದ್ದ. ಮನುಷ್ಯ ಹ್ಯಾಂಗ ಅಂದ. ನಾ ಅಂದೆ, ಯಾರು, ದೋನ್ ನಂಬರ್ ಏನು? ಊರಿಗೆಲ್ಲಾ ಗೊತ್ತದ, ಭಾಳ ಛಲೋ ಮನುಷ್ಯ ಅಂದೆ. ಬಾಕಿನ ಮ್ಯಾಲಿನವರ್ನೂ ಕೇಳಿದ. ಎಲ್ಲಾರೂ ಅದ ಹೇಳಿದ್ರು ನೋಡು."

ನನ್ನ ಕಾಲು ಮಷಿನ್ನಿನ ಮೇಲೆ ನಿಂತುಹೋಯಿತು. ಮಾಮಾನ ಮುಖದಲ್ಲಿ ಕೆಟ್ಟದ್ದು ಒಂದಿಷ್ಟೂ ಇರಲಿಲ್ಲ. ಅವನ ಪಾಲಿಗೆ ಅದು ಬರೀ ಒಂದು ಹೆಸರು, ಉದ್ದನೆಯವನಿಗೆ ಗಳ ಅಂದಂತೆ.

ಹದಿನೈದು ದಿನ ಕಳೆದರೂ ನಿಲಂಗಾದಿಂದ ಕಾಗದ ಬರಲಿಲ್ಲ. ಪರಿಚಯದವರನ್ನು ಹಿಡಿದು ಕೇಳಿಸಿದಾಗ, ಊರಲ್ಲಿ ಹೆಸರು ಸರಿಯಿಲ್ಲ, ಎರಡು ನಂಬರಿನ ವ್ಯವಹಾರ ಇದೆಯಂತೆ, ಅಂಥವನನ್ನು ಹಣದ ಬಾಗಿಲಿಗೆ ಹ್ಯಾಗೆ ನಿಲ್ಲಿಸೋದು, ಅಂತ ಉತ್ತರ ಬಂತು. ಇದು ಎಲ್ಲಿಂದ ಬಂತು ಅಂತ ಅಣ್ಣ ಕೇಳಿದ. ಯಾರೋ ಆಗದವರು ಹೇಳಿರಬೇಕು ಅಂದೆ. ಈ ಸುಳ್ಳು ನಾನು ಅವನ ಮೊಣಕೈ ಮುಟ್ಟಿ, ಅವನ ಮುಖ ನನ್ನ ಕಡೆ ತಿರುಗಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು.

ಪತಸಂಸ್ಥೆಯ ಚೇರಮನ್ನರನ್ನೇ ಕಂಡು ಬರೋಣ, ನಾನು ಮಾತಾಡುತ್ತೇನೆ ಅಂದೆ. ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಇದು ತಮಾಷೆಯಿಂದ ಕೆಟ್ಟದ್ದು, ತಮಾಷೆಯಿಂದಲೇ ಸರಿಯಾಗುತ್ತದೆ. ಒಂದು ಸಲ ನಗಿಸಿದರೆ ಮುಗಿಯಿತು.

ಹೊಸ ನೀಲಿ ಅಂಗಿ ಹಾಕಿಕೊಂಡೇ ಅಣ್ಣ ಹೊರಟ. ಬಸ್ಸಿನಲ್ಲಿ ಎಂದಿನಂತೆ ತಾನು ಎಡದ ಕಿಟಕಿಗೆ, ನಾನು ಅವನ ಬಲಕ್ಕೆ. ನಿಲಂಗಾದಲ್ಲಿ ಇಳಿದು ಆಫೀಸಿನ ಮೆಟ್ಟಿಲು ಹತ್ತುವಾಗ ನನ್ನ ಭುಜ ತಟ್ಟಿದ.

"ಇವತ್ತ ನೀ ನಂಬರ್ ಒಂದು, ತಮ್ಮಾ. ಮಾತು ನಿನ್ನ ಕಡಿ ಅದ. ನಾ ಮಗ್ಗಲಿಗಿ ಇರ್ತೀನಿ."

ಚೇರಮನ್ನರು ಒಳ್ಳೆಯ ಮನುಷ್ಯರೇ. ತಾಯಿ ಬಸವಕಲ್ಯಾಣದ ಕಡೆಯವರಂತೆ, ಕನ್ನಡ ಬಂತು. ಎರಡು ಕುರ್ಚಿ ತೋರಿಸಿದರು. ಅಣ್ಣ ಎಡದ ಕುರ್ಚಿ ಹಿಡಿದ, ನನ್ನನ್ನು ಬಲಕ್ಕೆ ಕೂರಿಸಿದ. ಮೇಲೆ ಫ್ಯಾನು ಗರಗರ ಸದ್ದು ಮಾಡುತ್ತಿತ್ತು. ಕಾರಕೂನ ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದ.

ನಾನು ಶುರು ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಕತೆಯನ್ನೂ ಹೇಳಿಲ್ಲ. ಅಜ್ಜಿಯ ಇಬ್ಬರು ಮಷಿನ್ ಮೊಮ್ಮಕ್ಕಳಿಂದ ಹಿಡಿದೆ. ಬಾಬಿನ್ ಹೇಳಿದೆ, ಮ್ಯಾಗಜಿನ್ ಹೇಳಿದೆ. ಬಾಕು ಹೇಳಿದೆ, ಚಹಾದ ಮಾಮಾ ಕೆಮ್ಮಿದ್ದನ್ನು ಕೆಮ್ಮಿ ತೋರಿಸಿದೆ. ಟ್ರಂಕಿನ ಗುಟಕಾ ಬಂದಾಗ ಚೇರಮನ್ನರು ಮೇಜು ಬಡಿದು ನಕ್ಕರು. ಚಹಾ ತರಿಸಿದರು. ಕಾರಕೂನನೂ ಬಾಯಿಗೆ ಫೈಲು ಹಿಡಿದ. ನನ್ನ ಮೈಯಲ್ಲಿ ಬಿಸಿ ಏರಿತು. ಇನ್ನೇನು ಗೆದ್ದೆ ಅನ್ನಿಸಿತು. ಹಾಗೆ ಅನ್ನಿಸಿದಾಗಲೇ ಬಾಯಿ ತನ್ನಷ್ಟಕ್ಕೆ ಮುಂದೆ ಹೋಯಿತು. ಚೇರಮನ್ನರು, ಇಷ್ಟೆಲ್ಲ ಅಂದರೂ ನಿಮ್ಮಣ್ಣ ಸುಮ್ಮನೆ ಹ್ಯಾಗೆ ಕೂತಿದ್ದ ಅಂತ ಕೇಳಿದರು. ಕತೆಗೆ ಬೇಕಾದ ಕೊನೆ ಅದೇ ಇತ್ತು, ನಾನು ಅದನ್ನು ಹೇಗೆ ಬಿಡಲಿ.

"ಅಂವಂಗ ಕೇಳಸಿದ್ರ ತಾನೇ, ಸಾಹೇಬ್ರ? ಬಲಗಿವಿ ಎಲ್‌ಎಂಜಿ ತಿಂದದ. ನಾ ಆ ಕಿವಿಗೇ ಕೂತು ಹೇಳ್ತಿದ್ದೆ."

ಚೇರಮನ್ನರ ನಗು ಒಮ್ಮೆಗೇ ನಿಲ್ಲಲಿಲ್ಲ. ನಿಧಾನಕ್ಕೆ ಇಳಿಯಿತು. ನೀರು ಕುಡಿದರು. ಅಣ್ಣನನ್ನು ನೇರ ನೋಡಿ, ಎದುರಿನಿಂದ, ಸ್ಪಷ್ಟವಾಗಿ ಹೇಳಿದರು: "ಫೌಜಿ, ನಿನಗ ದೋನ್ ನಂಬರ್ ಅಂತ ಹೆಸರಿಟ್ಟಂವ ಮತ್ಯಾರೂ ಅಲ್ಲಂತ. ನಿನ್ನ ತಮ್ಮನೇ ಅಂತ." ತಮಾಷೆಯಾಗಿಯೇ ಅಂದರು, ಜೊತೆಗೆ ನಗಲಿ ಅಂತ.

ಅಣ್ಣ ನನ್ನ ಕಡೆ ತಿರುಗಲಿಲ್ಲ.

ಚೇರಮನ್ನರು ಎದ್ದರು. ಕಿಟಕಿ ತೆಗೆಯುವವರ ಹಾಗೆ ನಮ್ಮ ಹಿಂದೆ ಹೋಗಿ, ಅಣ್ಣನ ಬಲಗಡೆ ಬಗ್ಗಿ, ಸಾಧಾರಣ ದನಿಯಲ್ಲಿ ಅಂದರು: "ಫೌಜಿ, ನಿನ್ನ ಹಿಂದ ಕಳ್ಳ ನಿಂತಾನ."

ಅಣ್ಣ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಂಡಿಯ ಮೇಲಿಟ್ಟು, ಚೇರಮನ್ನರ ಖಾಲಿ ಕುರ್ಚಿಯನ್ನು ಗೌರವದಿಂದ ನೋಡುತ್ತ ಕೂತಿದ್ದ. ಕಾರಕೂನ ಮುಖ ಆಚೆ ಮಾಡಿದ. ನಾನು ಅಣ್ಣನ ಮೊಣಕೈ ಮುಟ್ಟಬಹುದಿತ್ತು. ಅದು ಮೋಸವಾಗುತ್ತದೆ ಅಂತ ಆಗ ಅನ್ನಿಸಿತು. ಅಷ್ಟೊತ್ತಿನವರೆಗೆ ಯಾವುದೂ ಮೋಸ ಅನ್ನಿಸಿರಲಿಲ್ಲ.

ಚೇರಮನ್ನರು ತಮ್ಮ ಜಾಗಕ್ಕೆ ಬಂದು ಕೂತರು. ಕೆಟ್ಟದಾಗಿ ಏನೂ ಆಡಲಿಲ್ಲ. ಹೆಸರಿನ ಸಂಶಯ ಹೋಯಿತು ಅಂದರು, ಅದಕ್ಕೆ ನನಗೆ ಆಭಾರ ಅಂದರು. ಆದರೆ ಒಂದು ಮಗ್ಗುಲು ಕೇಳದ ಮನುಷ್ಯನನ್ನು ಬಾಗಿಲಿಗೆ ನಿಲ್ಲಿಸಿದರೆ ನಾಳೆ ಅವನ ಜೀವಕ್ಕೇ ಅಪಾಯ, ನೀವೇ ಹೇಳಿ ನಾ ಏನು ಮಾಡಲಿ ಅಂದರು. ಅಣ್ಣ ಎದ್ದು ನಿಂತು, ಹಿಮ್ಮಡಿ ಕೂಡಿಸಿ, ರಾಮ್ ರಾಮ್ ಸಾಹೇಬ್ ಅಂದು ಹೊರಗೆ ನಡೆದ. ಅವನ ಚಹಾ ಹಾಗೇ ಇತ್ತು. ನನ್ನದನ್ನು ನಾನು ಕುಡಿದು ಮುಗಿಸಿದ್ದೆ.

ಬಸ್ ನಿಲ್ದಾಣದಲ್ಲಿ ಒಂದು ತಾಸು ಕಾದೆವು. ಆಗ ನೆನಪಾಯಿತು ನನಗೆ, ಹೇಳದೆ ಉಳಿದ ಮಾತು. ಅಷ್ಟು ಹೊತ್ತು ಅಷ್ಟು ಹೇಳಿದವನು, "ನಂದು ಬೀಳಲಿಲ್ಲ" ಅಂತ ಅಣ್ಣ ಹೇಳಿದ್ದನ್ನು ಮಾತ್ರ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ. ಅದರಲ್ಲಿ ನಗು ಇರಲಿಲ್ಲ, ಅದಕ್ಕೇ ಬಾಯಿಗೆ ಬಂದಿರಲಿಲ್ಲ. ಹನ್ನೊಂದು ವರ್ಷ ಇನ್ನೊಬ್ಬನ ಮಗ್ಗುಲು ಕಾದವನು ಇವನು. ಇವನ ಮಗ್ಗುಲಿಗೆ ನಾನು.

ಬಸ್ ಬಂತು. ನಾನು ದಾರಿ ಬಿಟ್ಟು ನಿಂತೆ, ಅವನು ಮೊದಲು ಹೋಗಿ ಕಿಟಕಿಗೆ ಕೂರಲಿ ಅಂತ. ಅವನು ಕೈ ತೋರಿಸಿದ.

"ನೀ ಕೂಡು ಕಿಡಕಿಗಿ."

ಬಿಸಿಲಿಗೆ ನನಗೆ ಗಾಳಿ ಬೇಕು ಅಂತ ಕೊಟ್ಟ ಅಂದುಕೊಂಡೆ. ಹೋಗಿ ಕೂತೆ, ಅವನು ನನ್ನ ಬಲಕ್ಕೆ ಕೂತ. ನಿಲಂಗಾ ದಾಟಿದ ಮೇಲೆ ತಡೆಯಲಾಗದೆ ಮಾತು ಶುರು ಮಾಡಿದೆ. ಬೇರೆ ಕಡೆ ನೋಡೋಣ ಅಂದೆ, ಉದಗೀರದಲ್ಲಿ ಬೇಳೆ ಗಿರಣಿಗಳಿವೆ, ಜಳಕೋಟದಲ್ಲಿ ನನ್ನ ಸಂಬಂಧಿಕರಿದ್ದಾರೆ, ತುರೋರಿಯ ಹೈವೇ ಮೇಲೆ ಪೆಟ್ರೋಲ್ ಪಂಪಿಗೆ ಮಂದಿ ಬೇಕಂತೆ ಅಂದೆ. ತಪ್ಪಾಯಿತು ಅಂತ ಮಾತ್ರ ಅನ್ನಲಿಲ್ಲ. ಆ ಮಾತು ಮುಂದಿನ ಊರು ಬರಲಿ, ಅದರ ಮುಂದಿನ ಊರು ಬರಲಿ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಫ್ಯಾನಿನ ಸದ್ದಿನಲ್ಲಿ ಕೇಳದವನಿಗೆ ಬಸ್ಸಿನ ಸದ್ದಿನಲ್ಲಿ ಏನು ಕೇಳೀತು ಅನ್ನುವ ಧೈರ್ಯವೂ ಒಳಗೆಲ್ಲೋ ಇತ್ತು. ರೂಢಿಯಿಂದ ಅವನ ಮೊಣಕೈ ಮುಟ್ಟಲು ಹೋದೆ.

"ಮುಟ್ಟೂದು ಬ್ಯಾಡ," ಅಂದ. ಮುಂದಿನ ಸೀಟಿನ ಸರಳು ನೋಡುತ್ತಿದ್ದ. "ಹೇಳು ನೀ. ಈ ಕಡಿ ಕೇಳಸ್ತದ."

ಆಗ ತಿಳಿಯಿತು. ನಾನು ಅವನ ಎಡಕ್ಕೆ ಕೂತಿದ್ದೆ.

ಕಾವಲಿನ ಕೆಲಸ ಪಕ್ಕದ ಊರಿನ ಒಬ್ಬ ತರುಣನಿಗೆ ಆಯಿತು. ಅವನು ಅಂಗಿ ಹೊಲಿಸಲು ನನ್ನಲ್ಲಿಗೇ ಬಂದ, ಊರಲ್ಲಿ ಇರುವ ದರ್ಜಿ ನಾನೊಬ್ಬನೇ. ಅರಿವೆ ಸಿಕ್ಕಿಲ್ಲ, ನಾಳೆಯೇ ಹಾಜರಾಗಬೇಕು ಅಂದ. ಅಣ್ಣ ಮನೆಗೆ ಹೋಗಿ ನೀಲಿ ಜೋಡನ್ನು ಮಡಿಸಿ ತಂದುಕೊಟ್ಟ. ನಾನು ಬೇಡ ಅಂದೆ. ಅರಿವಿದು ಏನು ತಪ್ಪು ಅದ, ಅಂದ. ತೋಳು ಎರಡು ಬೆರಳು ಗಿಡ್ಡ ಮಾಡಿದೆ, ಸೊಂಟ ಹಿಡಿದೆ. ನಾನು ಹಾಕಿದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಈಗಲೂ ಆ ತರುಣ ಶಾಖೆಯ ಬಾಗಿಲಲ್ಲಿ ಅದನ್ನೇ ಹಾಕಿಕೊಂಡು, ಮೊಬೈಲು ನೋಡುತ್ತ ಕೂತಿರುತ್ತಾನೆ. ಎರಡೂ ಕಿವಿ ಸರಿ ಇವೆ. ಎರಡಕ್ಕೂ ಹಾಡು ಕೇಳುವ ವೈರು ತುರುಕಿಕೊಂಡಿರುತ್ತಾನೆ.

ಅಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ, ಮಾತು ಬಿಡಲಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಾನೆ, ಮಕ್ಕಳಿಗೆ ಕೈಯಲ್ಲಿ ಏನಾದರೂ ಹಿಡಿದೇ ಬರುತ್ತಾನೆ. ಅಂಗಡಿಗೂ ಮುಂಜಾನೆ ಬರುತ್ತಾನೆ. ವೈನಿ, ಅಣ್ಣ ತಮ್ಮ ಮದಲಿನಂಗೇ ಅದಾರ ಅಂತ ಮಂದಿಯ ಮುಂದೆ ಹೇಳುತ್ತಾಳೆ. ಆದರೆ ಸ್ಟೂಲನ್ನು ಎತ್ತಿ ನನ್ನ ಬಲಕ್ಕೆ, ಮಷಿನ್ನಿನ ಚಕ್ರದ ಕಡೆ ಹಾಕಿಕೊಂಡಿದ್ದಾನೆ. ನಾನು ಈಗ ಅವನ ಎಡಕ್ಕೆ. ನನ್ನ ಒಂದೊಂದು ಮಾತೂ ಅವನಿಗೆ ಕೇಳಿಸುತ್ತದೆ. ಬಾಕಿನವರು ಬಂದು ಕೂರುತ್ತಾರೆ, ಏನಾದರೂ ಹೇಳೋ ಅನ್ನುತ್ತಾರೆ. ಹೇಳಲು ಬಾಯಿ ತೆಗೆದಾಗ ಅಣ್ಣ ಕೇಳುತ್ತಿರುವುದು ಮೈಗೆ ತಾಗುತ್ತದೆ. ಅಪರಿಚಿತನೊಬ್ಬ ಮಾತಾಡಿದರೆ ಹೇಗೆ ಗಮನ ಕೊಟ್ಟು ಕೇಳುತ್ತಾರೋ ಹಾಗೆ. ಕತೆ ಗಂಟಲಲ್ಲೇ ಸಣ್ಣಗಾಗುತ್ತದೆ. ನಮ್ಮ ದರ್ಜಿಗೆ ವಯಸ್ಸಾಯಿತು ಅಂತ ಚಹಾದ ಮಾಮಾ ಬೇಜಾರು ಮಾಡಿಕೊಂಡು ಎದ್ದುಹೋಗುತ್ತಾನೆ.

ಬಾಬಿನ್ ಇರುವುದು ಎಡಕ್ಕೆ. ಅವನು ಕೂತ ಕಡೆಯಿಂದ ಕೈ ಎಟಕುವುದಿಲ್ಲ. ಮೊನ್ನೆ ಒಬ್ಬರ ಮದುವೆಯ ಅಂಗಿ, ಇಡೀ ಒಂದು ಮಗ್ಗುಲು ಹೊಲಿದು ಎತ್ತಿ ನೋಡಿದರೆ ಬರೀ ತೂತು, ಕೆಳಗೆ ದಾರವೇ ಇಲ್ಲ. ಅಣ್ಣ ಅದನ್ನು ನೋಡಿದ. ದಾರ ಎಲ್ಲಿ ಮುಗಿದಿತ್ತು ಅಂತ ಅವನಿಗೆ ಗೊತ್ತಿತ್ತು, ಆ ತಿರುವಿನಲ್ಲಿ ಅವನ ಬೆರಳು ಮಂಡಿಯ ಮೇಲೆ ಒಮ್ಮೆ ಅಲುಗಿದ್ದನ್ನು ನಾನು ಕಂಡಿದ್ದೆ. ಬಾಬಿನ್ ನಾನೇ ಬದಲಿಸಿ, ಅರಿವೆಯನ್ನು ಮತ್ತೆ ಸೂಜಿಯ ಕೆಳಗೆ ಇಟ್ಟೆ.